ಫೋಟಿಸನ ಹೆಸರಿದ್ದ ಮುಖಪುಟ

ಪುಕ್ಕಟೆ ಪತ್ರಿಕೆ ಓದುವುದರಲ್ಲಿ ನಮ್ಮ ಅಥೆನ್ಸಿನವರನ್ನು ಮೀರಿಸುವವರಿಲ್ಲ. ಗೂಡಂಗಡಿಯ ಸುತ್ತ ದಾರ ಕಟ್ಟಿ, ಬಟ್ಟೆ ಕ್ಲಿಪ್ಪು ಹಾಕಿ ಮುಖಪುಟಗಳನ್ನು ತೂಗುಬಿಟ್ಟಿರುತ್ತಾರೆ. ಬೆಳಗಾದರೆ ಸಾಕು, ನೀರು ಕುಡಿದ ಕೋಳಿಗಳ ಹಾಗೆ ಕತ್ತೆತ್ತಿಕೊಂಡು ಅದರ ಕೆಳಗೆ ನಿಂತುಬಿಡುತ್ತೇವೆ. ದೇಶದ ಹಣೆಬರಹವೆಲ್ಲ ಅಲ್ಲೇ ಇತ್ಯರ್ಥವಾಗುವುದು.

ನಮ್ಮ ಮೂಲೆಯ ಗೂಡಂಗಡಿ ಸ್ತಮಾತಿಯಾಳದು. ಗಂಡ ಯುದ್ಧದಲ್ಲಿ ಸತ್ತದ್ದಕ್ಕೆ ಸರ್ಕಾರ ಕೊಟ್ಟದ್ದು. ಒಬ್ಬನೇ ಮಗ ಫೋಟಿಸ್, ನ್ಯಾಯಾಧೀಶರೊಬ್ಬರ ಕಾರು ಓಡಿಸುತ್ತಿದ್ದ. ಮೋಟಾರು ಸೈಕಲ್ಲಿನಲ್ಲಿ ಬಂದವರು ಸಿಗ್ನಲ್ಲಿನಲ್ಲಿ ಗುಂಡು ಹಾರಿಸಿದರು. ನ್ಯಾಯಾಧೀಶರು ಬದುಕಿಕೊಂಡರು, ಫೋಟಿಸ್ ಹೋದ.

ಸೂತಕದ ಕರಿ ಬಟ್ಟೆಯಲ್ಲೇ ಸ್ತಮಾತಿಯಾ ಮತ್ತೆ ಅಂಗಡಿ ತೆರೆದಳು. ಮಬ್ಬುಗತ್ತಲಲ್ಲಿ, ಕೈ ಅಭ್ಯಾಸದ ಮೇಲೆ, ಓದದೆಯೇ ಪತ್ರಿಕೆಗಳನ್ನು ತೂಗುಹಾಕಿ ಒಳಗೆ ಹೋಗಿ ಕೂತಳು. ಕೊಲೆಯ ಹೊಣೆ ಹೊತ್ತ ಉಗ್ರ ಸಂಘಟನೆಯ ಹೇಳಿಕೆಯನ್ನು ಎಲ್ಲ ಪತ್ರಿಕೆಗಳೂ ಅವತ್ತು ಒಂದಕ್ಷರ ಬಿಡದೆ ಅಚ್ಚುಹಾಕಿದ್ದವು.

ಔಷಧಿ ಅಂಗಡಿಯ ಪೆರಿಕ್ಲಿಸನಿಗೆ ಗಟ್ಟಿಯಾಗಿ ಓದುವ ಚಟ.

"'ಚಾಲಕ ಫೋಟಿಸನ ಸಾವಿಗೆ ವಿಷಾದವಿದೆ. ಆದರೆ ಆ ಆಸನವನ್ನು ಆರಿಸಿಕೊಂಡವನು ಅವನೇ.' ನೋಡ್ರಪ್ಪ, ಒಂದು ಮಾತು ಹೆಚ್ಚಿಲ್ಲ, ಕಮ್ಮಿ ಇಲ್ಲ! ಕೊಲೆಗಡುಕರೇ ಇರಬಹುದು, ಬರವಣಿಗೆ ಮಾತ್ರ ಒಪ್ಪಲೇಬೇಕು."

"ಮಾತಲ್ಲೂ ಹುರುಳಿದೆ ಅನ್ನಿ," ಎಂದಿತು ಹಿಂದಿನಿಂದ ಇನ್ನೊಂದು ಕತ್ತು.

ನನಗೆ ಚಿಲ್ಲರೆ ಕೊಡುತ್ತಿದ್ದ ಕೈ ಕಿಟಕಿಯಲ್ಲಿ ಹಾಗೇ ನಿಂತಿತು. ಆಮೇಲೆ ಸ್ತಮಾತಿಯಾ ಹೊರಗೆ ಬಂದಳು. ಇಷ್ಟು ವರ್ಷ ಆಕೆಯನ್ನು ಸೊಂಟದ ಮೇಲಷ್ಟೇ ನೋಡಿದ್ದ ನನಗೆ, ಆಕೆ ಇಷ್ಟು ಕುಳ್ಳಿ ಅನ್ನುವುದೇ ಗೊತ್ತಿರಲಿಲ್ಲ. ತುದಿಗಾಲಲ್ಲಿ ನಿಂತು ಒಂದೊಂದೇ ಕ್ಲಿಪ್ಪು ಕಿತ್ತು ಪತ್ರಿಕೆ ಇಳಿಸತೊಡಗಿದಳು.

"ಏನಮ್ಮ ಇದು! ಇನ್ನೂ ಎರಡನೇ ಕಾಲಂ ಓದಿಲ್ಲ ನಾನು," ಎಂದ ಪೆರಿಕ್ಲಿಸ್. ಅಂದಮೇಲೆ, ಯಾರ ಮುಂದೆ ಅಂದೆ ಎನ್ನುವುದು ಹೊಳೆಯಿತು. ಮುಖ ಸುಣ್ಣವಾಯಿತು. ಸರಿಮಾಡಲು ಹೋಗಿ ಇನ್ನೂ ಕೆಡಿಸಿದ: "ಅಲ್ಲ ಸ್ತಮಾತಿಯಮ್ಮ... ಹುಡುಗನ ಹೆಸರು ಮುಖಪುಟದಲ್ಲೇ ಬಂದಿದೆಯಲ್ಲ. ನೆನಪಿಗೆ ಒಂದು ಎತ್ತಿಟ್ಕೊಳ್ಳಿ."

ನಮ್ಮ ಎತ್ತಿದ ಕತ್ತುಗಳೆಲ್ಲ ಒಟ್ಟಿಗೆ ಇಳಿದವು.

"ಆ ಹೆಸರಿಟ್ಟವಳು ನಾನು, ಯಜಮಾನ್ರೇ," ಎಂದಳು ಸ್ತಮಾತಿಯಾ. "ಕೊಂದವರ ಬಾಯಲ್ಲಿ ಕೇಳೋಕಲ್ಲ."

ಅಷ್ಟರಲ್ಲಿ ಪತ್ರಿಕೆ ಏಜೆನ್ಸಿಯ ವ್ಯಾನು ಬಂತು. ದಿನಾ ಪತ್ರಿಕೆ ತಂದುಹಾಕುವ ಮಿನಾಸ್ ಇನ್ನೊಂದು ಕಟ್ಟು ಹೊತ್ತು ಇಳಿದ. "ಊರಲ್ಲೆಲ್ಲ ಪತ್ರಿಕೆ ಖಾಲಿಯಾಗ್ತಿದೆ, ಬಿಸಿ ಬ್ರೆಡ್ಡಿನ ಹಾಗೆ... " ಎಂದವನು ಬೋಳು ದಾರ ನೋಡಿ ನಿಂತ. "ಯಾಕಮ್ಮ ಇಳಿಸಿದ್ದೀಯ?"

"ತೂಗುಹಾಕಲ್ಲ. ತಗೊಂಡ್ಹೋಗು."

"ಇದೊಂದು ದಿನ ಬೇಡ ಅನ್ನೋಕಾಗಲ್ಲಮ್ಮ. ವಾಪಸು ಕಳಿಸಿದ್ರೆ ನಾಳೆಯಿಂದ ಒಂದು ಹಾಳೆನೂ ಕೊಡಲ್ಲ ಏಜೆನ್ಸಿಯವರು. ಪತ್ರಿಕೆ ಇಲ್ದಿರೋ ಅಂಗಡಿಗೆ ಯಾರು ಬರ್ತಾರೆ, ಪೆಪ್ಪರಮಿಂಟಿಗಾ? ಹೊಟ್ಟೆಪಾಡು ನೋಡ್ಕೊ."

"ನೋಡ್ಕೊಂಡೇ ಹೇಳ್ತಿದ್ದೀನಿ."

"ಓದೋರು ಎದುರಿನ ಅಂಗಡೀಲಿ ಓದ್ತಾರೆ ಬಿಡು!"

"ಓದ್ಲಿ. ನನ್ನ ಕ್ಲಿಪ್ಪಲ್ಲಿ ಬೇಡ."

ಮಾರನೆಯ ಬೆಳಗ್ಗೆ ವ್ಯಾನು ನಿಲ್ಲಲಿಲ್ಲ. ನಾವು ಮಾತ್ರ ಅಭ್ಯಾಸಬಲದಿಂದ ಬಂದು ಕತ್ತೆತ್ತಿದೆವು. ದಾರ, ಕ್ಲಿಪ್ಪು, ಅದರಾಚೆ ಆಕಾಶ. ಒಬ್ಬೊಬ್ಬರೇ ರಸ್ತೆ ದಾಟಿ ಎದುರಿನ ಅಂಗಡಿಗೆ ಹೋದರು.

ಪೆರಿಕ್ಲಿಸ್ ಹೋಗಿ ತಿರುಗಿ ಬಂದ. ಸಿಗರೇಟು ಬಿಟ್ಟು ವರ್ಷಗಳಾಗಿದ್ದವು. ಆದರೂ ಒಂದು ಪ್ಯಾಕು ಕೇಳಿದ. ಕೋಟಿನೊಳಗಿಂದ ಮಡಿಸಿದ ಪತ್ರಿಕೆಯ ಮೂಲೆ ಇಣುಕುತ್ತಿತ್ತು. ಸ್ತಮಾತಿಯಾ ಅದನ್ನು ನೋಡಿದಳು. ಪ್ಯಾಕು ಕೊಟ್ಟಳು, ಚಿಲ್ಲರೆ ಎಣಿಸಿಟ್ಟಳು.

"ಎರಡನೇ ಕಾಲಂ ಮುಗೀತಾ, ಯಜಮಾನ್ರೇ?"

ಪೆರಿಕ್ಲಿಸ್ ಚಿಲ್ಲರೆ ಅಲ್ಲೇ ಬಿಟ್ಟು ಹೋದ.