ಗೋದಾಬಾಯಿ ಹಾಕಿಸಿದ ಹಂಪ್

ಹೈದರಾಬಾದಿನ ಸಂತೋಷನಗರದ ಹಿಂದಿನ ಕಾಲನಿಯಲ್ಲಿ ಆ ಹಂಪ್ ಇದ್ದದ್ದು ಒಟ್ಟು ಹನ್ನೊಂದು ದಿನ. ಹಾಕಿಸಿದವರೂ ಗೋದಾಬಾಯಿ, ಒಡೆಸಿದವರೂ ಗೋದಾಬಾಯಿ.

ಅವರು ವಿಜಯಪುರದ ಕಡೆಯವರು. ಅಲ್ಲಿನ ರಕ್ಷಣಾ ಕಾರ್ಖಾನೆಯೊಂದರ ನಕ್ಷೆ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ಈಗ ಕಾಲನಿ ಸಂಘದ ಕಾರ್ಯದರ್ಶಿ. ಅವರ ಮನೆಯ ಮುಂದಿನ ರಸ್ತೆ ಮೊದಲೆಲ್ಲ ಎಷ್ಟು ಶಾಂತವಾಗಿತ್ತೆಂದರೆ, ಬೇಸಿಗೆಯಲ್ಲಿ ಹೆಂಗಸರು ಅದರ ಅಂಚಿನಲ್ಲೇ ಹಪ್ಪಳ ಒಣಹಾಕುತ್ತಿದ್ದರು. ಮುಖ್ಯ ರಸ್ತೆಯನ್ನು ಅಗೆದ ಮೇಲೆ ಎಲ್ಲವೂ ಬದಲಾಯಿತು. ಶಂಶಾಬಾದಿನ ವಿಮಾನ ನಿಲ್ದಾಣಕ್ಕೆ ಹೊರಟ ಕ್ಯಾಬುಗಳಿಗೆ ಫೋನಿನ ಮ್ಯಾಪು ಈ ಗಲ್ಲಿಯನ್ನೇ ತೋರಿಸತೊಡಗಿತು. ಒಂದು ಸಂಜೆ ಪಕ್ಕದ ಮನೆಯ ಜನಾರ್ದನರಾಯರ ಕೈಯಲ್ಲಿದ್ದ ಕೋಲಿಗೆ ಕಾರಿನ ಕನ್ನಡಿ ಬಡಿದು, ಕೋಲು ಹಾರಿ ಚರಂಡಿಗೆ ಬಿತ್ತು. ರಾಯರಿಗೆ ಪೆಟ್ಟೇನೂ ಆಗಲಿಲ್ಲ. ಆದರೆ ಅವರು ಸಂಜೆಯ ತಿರುಗಾಟವನ್ನೇ ಬಿಟ್ಟರು.

ಗೋದಾಬಾಯಿಗೆ ಸಿಟ್ಟು ಬಂತು. ಅನುಮತಿ ಗಿನುಮತಿ ಎಂದು ಕಾಯದೆ, ಮರುದಿನವೇ ಗೌಂಡಿಯನ್ನು ಕರೆಸಿ ರಸ್ತೆಗೆ ಅಡ್ಡಲಾಗಿ ಸಿಮೆಂಟಿನ ದಿಬ್ಬ ಕಟ್ಟಿಸಿದರು. ಆರು ಇಂಚು ಎತ್ತರ, ಒಂದೇ ಅಡಿ ಅಗಲ. "ಇನ್ನ ಓಡಸ್ರಿ ನೋಡೂಣು!" ಎಂದು ಗೇಟಿನಲ್ಲಿ ನಿಂತು ಹೇಳಿದರು. ಸುತ್ತಲಿನವರು ಚಪ್ಪಾಳೆ ತಟ್ಟಿದರು. ಅದಕ್ಕೆ ಬಣ್ಣ ಹಚ್ಚಬೇಕು ಎಂಬುದು ಯಾರಿಗೂ ಹೊಳೆಯಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ, ಇನ್ನೂ ಸರಿಯಾಗಿ ಬೆಳಕು ಹರಿಯುವ ಮೊದಲು, ಹೂವಿನ ಸುಗಲಮ್ಮ ಸೊಸೆಯ ಸ್ಕೂಟರಿನ ಹಿಂದೆ ಕುಳಿತು ಗುಡಿಮಲ್ಕಾಪುರದ ಮಾರುಕಟ್ಟೆಯಿಂದ ಬರುತ್ತಿದ್ದಳು. ತೊಡೆಯ ಮೇಲೆ ಮಲ್ಲಿಗೆಯ ಬುಟ್ಟಿ. ಸೊಸೆಗೆ ದಿಬ್ಬ ಕಾಣಲಿಲ್ಲ. ಸ್ಕೂಟರು ಜಿಗಿಯಿತು, ಸುಗಲಮ್ಮ ಹಿಂದಕ್ಕೆ ಬಿದ್ದಳು. ಅಂಗಳ ಗುಡಿಸುತ್ತಿದ್ದ ಗೋದಾಬಾಯಿ ಪೊರಕೆ ಬಿಸಾಕಿ ಓಡಿದರು. ರಸ್ತೆಯ ತುಂಬ ಮಲ್ಲಿಗೆ. ಸುಗಲಮ್ಮ ಎಡಗೈಯನ್ನು ಎದೆಗೆ ಒತ್ತಿ ಹಿಡಿದು, "ಹೂವು ತುಳೀಬ್ಯಾಡ್ರಿ, ಹೂವು ತುಳೀಬ್ಯಾಡ್ರಿ" ಎನ್ನುತ್ತಿದ್ದಳು. ಮಣಿಕಟ್ಟು ಮುರಿದಿತ್ತು.

ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕುವವರೆಗೂ ಗೋದಾಬಾಯಿ ಬೆಂಚಿನ ಮೇಲೆ ಕುಳಿತಿದ್ದರು. ಅವರಿಗೆ ಸುಗಲಮ್ಮ ಇಪ್ಪತ್ತು ವರ್ಷದ ಪರಿಚಯ. ರಾಯಚೂರಿನ ಕಡೆಯಾಕೆ, ಬೀದಿಯಲ್ಲಿ ಎಲ್ಲರೊಂದಿಗೂ ತೆಲುಗು ಆಡಿದರೂ ಈ ಮನೆಯ ಮುಂದೆ ಬಂದಾಗ ಮಾತ್ರ ಕನ್ನಡ. ಎರಡು ದಿನ ಬಿಟ್ಟು ಅವಳ ಮನೆಗೆ ಹೋದಾಗ ಗೋದಾಬಾಯಿಗೆ ಮುಖ ಎತ್ತಲಾಗಲಿಲ್ಲ.

"ಆ ಹಂಪ್ ಹಾಕ್ಸಿದಾಕಿ ನಾನs, ಸುಗಲಮ್ಮ."

"ಗೊತ್ತೈತ್ರಿ, ಬಾಯಾರ. ಕಾರಿನವ್ರಿಗಿ ಹಾಕಿದ್ರಿ, ಬಿದ್ದಾಕಿ ನಾನು."

"ತಪ್ಪಾತು."

ಸುಗಲಮ್ಮ ಕ್ಷಮಿಸಿದೆ ಎಂದು ಹೇಳಲಿಲ್ಲ. "ದೊಡ್ಡ ಕಾರು ಅದರ ಮ್ಯಾಲ ಹಂಗs ಹಾರಿ ಹೋಗ್ತಾವು. ಬೀಳೂದು ನಮ್ಮಂಥವ್ರು. ಅಷ್ಟು ವರ್ಷ ನಕ್ಷಾ ಬರದೀರಿ, ಇದಕ್ಕೊಂದು ಬರೀಲಿಕ್ಕೆ ಬರಲಿಲ್ಲೇನು?" ಎಂದಳು.

ಆ ಮಾತು ಗೋದಾಬಾಯಿಯ ಎದೆಗೆ ನಾಟಿತು. ಅದೇ ಸಂಜೆ ದಿಬ್ಬವನ್ನು ಒಡೆಸಿದರು. ಸಂಘದ ಅಧ್ಯಕ್ಷ ಸತೀಶ ಓಡಿ ಬಂದ. ಗೋದಾಬಾಯಿ ದುಡಿದ ಕಾರ್ಖಾನೆಯಲ್ಲೇ ಈಗ ಕೆಲಸ ಮಾಡುವ, ಬಾಗಲಕೋಟೆಯ ಕಡೆಯ ಮನುಷ್ಯ.

"ಅಕ್ಕಾರ, ಏನ್ ಮಾಡಾಕತ್ತೀರಿ? ನಾಳೆ ಮತ್ತ ಕಾರು ಓಡ್ತಾವಲ್ಲ!"

"ಓಡ್ತಾವು. ನನಗ ಒಂದು ವಾರ ಕೊಡು, ಸತೀಶ."

ಮರುದಿನ ಬೆಳಿಗ್ಗೆಯಿಂದ ಗೋದಾಬಾಯಿ ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಕುಳಿತರು. ಸುಮ್ಮನೆ ರಸ್ತೆ ನೋಡಿದರು, ಅಷ್ಟೇ. ಮೂರನೆಯ ದಿನ ಒಂದು ಸಂಗತಿ ಕಣ್ಣಿಗೆ ಬಿತ್ತು. ಎಡಕ್ಕೆ ನೀರಿನ ಟ್ಯಾಂಕರ್, ಸ್ವಲ್ಪ ಮುಂದೆ ಬಲಕ್ಕೆ ತರಕಾರಿ ಗಾಡಿ ನಿಂತಿದ್ದವು. ನುಗ್ಗಿ ಬಂದ ಕ್ಯಾಬು ತಾನಾಗಿಯೇ ನಿಧಾನವಾಗಿ, ಹಾವಿನಂತೆ ಸುತ್ತಿಕೊಂಡು ಹೋಯಿತು. ಅವೆರಡೂ ಹೊರಟ ಕೂಡಲೇ ಹಿಂದೆ ಬಂದ ಕಾರು ಬಾಣದಂತೆ ಓಡಿತು. ತಪ್ಪು ಡ್ರೈವರುಗಳದಷ್ಟೇ ಅಲ್ಲ, ಇಷ್ಟು ಅಗಲವಾಗಿ, ಇಷ್ಟು ನೆಟ್ಟಗೆ ಬಿದ್ದಿರುವ ರಸ್ತೆಯೇ ಅವರನ್ನು ಓಡು ಎನ್ನುತ್ತಿದೆ ಎಂದು ಅವರಿಗೆ ಅನ್ನಿಸಿತು.

ಅಟ್ಟದಿಂದ ನಕ್ಷೆ ಬರೆಯುವ ಹಳೆಯ ಹಲಗೆ ಇಳಿಯಿತು. ಒಂದೇ ಬದಿ ನಿಲ್ಲುವ ಮನೆಯವರ ಕಾರುಗಳನ್ನು ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ, ಮತ್ತೆ ಎಡಕ್ಕೆ ನಿಲ್ಲಿಸಿದರೆ ದಾರಿ ತಾನೇ ಬಾಗುತ್ತದೆ. ಗಲ್ಲಿಯ ಬಾಯಿಯನ್ನು ಎರಡೂ ಕಡೆಯಿಂದ ಕಿರಿದು ಮಾಡಬೇಕು. ನಡುವೆ ನಾಲ್ಕು ಇಂಚಿನಷ್ಟೇ ಎತ್ತರದ, ಮೇಜಿನ ಹಾಗೆ ಅಗಲವಾದ ಕಟ್ಟೆ. ಅದಕ್ಕೆ ಸ್ಕೂಟರು ಹತ್ತಿದ್ದೂ ತಿಳಿಯದಂಥ ಇಳಿಜಾರು, ಮೇಲೆ ಜನ ದಾಟಲು ಬಿಳಿ ಪಟ್ಟೆ.

ನಕ್ಷೆಯನ್ನು ಸುರುಳಿ ಸುತ್ತಿಕೊಂಡು ವಾರ್ಡ್ ಕಚೇರಿಗೆ ಹೋದರು. ಅಲ್ಲಿದ್ದ ಎಂಜಿನಿಯರ್ ಹರ್ಷದಾ ಚಿಕ್ಕ ವಯಸ್ಸಿನ ಹುಡುಗಿ. ತೆಲುಗಿನಲ್ಲಿ ಮಾತು ಶುರುಮಾಡಿದವಳು ಅರ್ಜಿಯ ಮೇಲಿನ ಹೆಸರು ನೋಡಿ ಬೀದರಿನ ಕನ್ನಡಕ್ಕೆ ತಿರುಗಿದಳು.

"ಆ ಗಲ್ಲ್ಯಾಗ ಪರ್ಮಿಶನ್ ಇಲ್ದೇ ಹಂಪ್ ಹಾಕಿದವ್ರು ಯಾರ್ರಿ, ಆಂಟಿ? ನಮಗ ದೂರು ಬಂದದ."

ಗೋದಾಬಾಯಿ ಸುರುಳಿ ಬಿಚ್ಚಿ ಮೇಜಿನ ಮೇಲೆ ಹರಡಿದರು. "ನಾನs ಹಾಕ್ಸಿದ್ದು, ಒಬ್ಬಾಕಿ ಕೈ ಮುರೀತು. ಅದಕ್ಕs ಇದನ್ನ ತಂದೀನಿ."

ಹರ್ಷದಾ ನಕ್ಷೆಯನ್ನು ಬಹಳ ಹೊತ್ತು ನೋಡಿದಳು. "ಕಟ್ಟೂದು ಆಮ್ಯಾಲ. ಮೊದಲ ಹದಿನೈದು ದಿನ ಡ್ರಮ್ ಇಟ್ಟು ನೋಡೂಣ್ರಿ" ಎಂದಳು.

ಮರಳು ತುಂಬಿದ ಡ್ರಮ್ಮುಗಳು ಬಂದವು, ಸುಣ್ಣದ ಗೆರೆ ಬಿತ್ತು. ಮೊದಲ ದಿನವೇ ನೀರಿನ ಟ್ಯಾಂಕರ್ ತಿರುವಿನಲ್ಲಿ ಸಿಕ್ಕಿಬಿದ್ದಿತು. ಹಿಂದೆ ಶಾಲೆಯ ವ್ಯಾನು, ಅದರ ಹಿಂದೆ ಆಟೋಗಳು, ಕಿವಿ ಕಿತ್ತುಹೋಗುವಷ್ಟು ಹಾರ್ನು.

"ನೋಡ್ರಿ ಅಕ್ಕಾರ, ನಿಮ್ಮ ನಕ್ಷಾ!" ಸತೀಶ ಕೂಗಿದ.

"ಟ್ಯಾಂಕರ್ ಎಷ್ಟು ಉದ್ದ ಐತಿ ಅಂತ ಮರತಿದ್ದೆ. ಕೂಗೂದು ಬಿಟ್ಟು ಆ ಡ್ರಮ್ ಹಿಡಿ."

ಸತೀಶ ಗೊಣಗುತ್ತಲೇ ಹಿಡಿದ. ಇಬ್ಬರೂ ಸೇರಿ ನಾಲ್ಕು ಅಡಿ ಸರಿಸಿದರು, ಟ್ಯಾಂಕರ್ ದಾಟಿತು.

ವಾರದ ಕೊನೆಗೆ ಕೈಯನ್ನು ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿ ಹಾಕಿಕೊಂಡು ಸುಗಲಮ್ಮ ನೋಡಲು ಬಂದಳು. ಕಟ್ಟೆಗಾಗಿ ಗುರುತು ಹಾಕಿದ ಜಾಗದಲ್ಲಿ ನಿಂತು ತಲೆಯಾಡಿಸಿದಳು.

"ಇಲ್ಲಿ ಯಾರು ದಾಟ್ತಾರ್ರಿ? ಅಂಗನವಾಡಿಗಿ ಹೋಗೂ ಮಕ್ಕಳು, ಕೆಲಸದವ್ರು, ನಾನು, ಎಲ್ಲಾರೂ ಆ ಬೇವಿನ ಗಿಡದ ಹಂತೇಲೆ ದಾಟ್ತೀವಿ."

ಗೋದಾಬಾಯಿ ಕಟ್ಟೆಯನ್ನು ಗಲ್ಲಿಯ ನಟ್ಟನಡುವೆ ಬರೆದಿದ್ದರು. ಕಾಗದದ ಮೇಲೆ ಅದು ಚೆಂದ ಕಾಣುತ್ತಿತ್ತು. ಅದನ್ನು ಅಳಿಸಿ, ಬೇವಿನ ಮರದ ಬಳಿಗೆ ತಂದರು.

ಎರಡು ತಿಂಗಳಲ್ಲಿ ಕಟ್ಟೆ ಪಕ್ಕಾ ಆಯಿತು. ಎಲ್ಲವೂ ಸರಿಹೋಯಿತು ಎನ್ನುವಂತಿಲ್ಲ. ಕೆಲವು ಬೈಕಿನವರು ಈಗಲೂ ನುಸುಳುತ್ತಾರೆ; ಸತೀಶನಿಗೆ ತನ್ನ ಕಾರನ್ನು ಎದುರು ಬದಿಯಲ್ಲಿ ನಿಲ್ಲಿಸುವ ಸಂಕಟ ಇನ್ನೂ ಹೋಗಿಲ್ಲ. ಆದರೆ ಕ್ಯಾಬುಗಳು ಮೆಲ್ಲಗೆ ಬರುತ್ತವೆ, ಹಲವು ಬರುವುದನ್ನೇ ಬಿಟ್ಟಿವೆ. ಸುಗಲಮ್ಮನ ಕೈ ಕೂಡಿಕೊಂಡಿದೆ. ಚಳಿ ಬಿದ್ದಾಗ ಮಾತ್ರ ನೋಯುತ್ತದಂತೆ. ಅದನ್ನು ಆಕೆ ಹೇಳುತ್ತಾಳೆ, ಗೋದಾಬಾಯಿ ಕೇಳಿಸಿಕೊಳ್ಳುತ್ತಾರೆ.

ಮೊನ್ನೆ ಪಕ್ಕದ ಗಲ್ಲಿಯವರು ನಾಲ್ಕು ಜನ ಬಂದು, ತಮ್ಮ ರಸ್ತೆಗೂ ಒಂದು ನಕ್ಷೆ ಬರೆದುಕೊಡಿ ಎಂದು ಕೇಳಿದರು. ಎಲ್ಲರೂ ಕಾರಿನಲ್ಲೇ ಬಂದಿದ್ದರು. ಗೋದಾಬಾಯಿ ಚಹಾ ಕೊಟ್ಟರು, ಹಲಗೆ ಮಾತ್ರ ತೆಗೆಯಲಿಲ್ಲ.

"ಬರಕೊಡ್ತೀನಿ. ಮೊದಲ ನಿಮ್ಮ ಗಲ್ಲ್ಯಾಗ ನಡಕೋತ ಓಡಾಡೋರು ಯಾರ್ಯಾರದಾರ, ಅವ್ರನ್ನ ಕರಕೊಂಡು ಬರ್ರಿ" ಎಂದರು.