ನೂಲಿನ ಮೇಲಿನ ನೀಲಿ

"ನಿಲ್ರಿ!"

ಯಮುನಾ ಓಡಿಬಂದು ಅಪ್ಪನ ಚಟ್ಟಕ್ಕೆ ಅಡ್ಡ ನಿಂತಳು. ತಮಟೆ ನಿಂತಿತು. ಹಿರಿಯೂರಿನ ಪೇಟೆ ಬೀದಿ, ಗಂಗಾಧರಪ್ಪನವರ ಮನೆಯ ಎದುರು.

ಮುಂದಿನ ಬೊಂಬು ಹೊತ್ತಿದ್ದ ಚಿಕ್ಕಪ್ಪ ಓಬಯ್ಯ ಗದರಿದ: "ಏನವ್ವಾ ಇದು? ನಡುಬೀದೀಲಿ ಹೆಣ ನಿಲ್ಲಿಸ್ತಾರಾ? ಹೊಳೆ ದಂಡೆಗೆ ಹೋಗಾಣ, ನಡಿ."

"ಅಪ್ಪನ ಮಾನ ಹೋಗಿದ್ದು ಇಲ್ಲೇ, ಚಿಕ್ಕಪ್ಪ. ಇಲ್ಲೇ ನಿಲ್ಲಲಿ."

ಜಗಲಿಯ ಮೇಲೆ ಹಾರ ಹಿಡಿದು ಕಾಯುತ್ತಿದ್ದ ಗಂಗಾಧರಪ್ಪ ಕೆಳಗಿಳಿದರು. ತೆಂಗಿನಕಾಯಿ ವ್ಯಾಪಾರದಲ್ಲಿ ದೊಡ್ಡ ಕುಳ. "ಕರಿಯಣ್ಣನಂಥ ನಿಯತ್ತಿನ ಮನುಷ್ಯ ಈ ಬೀದೀಲೇ ಇರ್ಲಿಲ್ಲಮ್ಮ," ಎಂದರು.

ಯಮುನಾ ಅವರಿಗೂ ಚಟ್ಟಕ್ಕೂ ನಡುವೆ ಬಂದು ನಿಂತಳು.

*

ಅವಳು ಹೈಸ್ಕೂಲಿನಲ್ಲಿದ್ದಾಗ ಈ ಬೀದಿಯ ಬಟ್ಟೆಯನ್ನೆಲ್ಲ ಅಪ್ಪ ಕರಿಯಣ್ಣನೇ ಒಗೆಯುತ್ತಿದ್ದ. ಒಂದು ಬೆಳಿಗ್ಗೆ ಗಂಗಾಧರಪ್ಪ ತಮ್ಮ ಮಗ ಹಾಲೇಶನ ಜೀನ್ಸ್ ಪ್ಯಾಂಟನ್ನು ಕರಿಯಣ್ಣನ ಮುಖಕ್ಕೆ ಎಸೆದರು. ತೊಡೆ, ಮೊಣಕಾಲಿನ ಜಾಗ ಬೆಳ್ಳಗಾಗಿತ್ತು.

"ಬ್ಲೀಚಿಂಗ್ ಪುಡಿ ಹಾಕಿ ಕೆಡಿಸಿದೀಯ, ಕಳ್ಳ!"

"ಇಲ್ಲ ಯಜಮಾನ್ರೆ. ಹಾಕ್ಕೊಂಡಂಗೆಲ್ಲ ಅದೇ ಬಣ್ಣ ಬಿಡ್ತೈತೆ..."

"ಎದುರು ಮಾತಾಡ್ತೀಯೇನಲೇ?"

ಬೀದಿಯೆಲ್ಲ ನೋಡಿತು. ಯಾರೂ ಬಾಯಿ ಬಿಡಲಿಲ್ಲ. ಮರುದಿನದಿಂದ ಒಂದು ಮನೆಯೂ ಬಟ್ಟೆ ಕೊಡಲಿಲ್ಲ. ಕರಿಯಣ್ಣ ಲಾರಿಗೆ ಕಾಯಿ ತುಂಬುವ ಕೂಲಿಗೆ ಬಿದ್ದು ಬೆನ್ನು ಮುರಿದುಕೊಂಡ. ಸಾಯುವವರೆಗೂ ಈ ಬೀದಿ ತುಳಿಯಲಿಲ್ಲ. ಸಂತೆಗೂ ಸುತ್ತು ಹಾಕಿಕೊಂಡೇ ಹೋಗುತ್ತಿದ್ದ.

ಹೋದ ತಿಂಗಳು ಯಮುನಾ ಗಂಡನಿಗೆ ಪ್ಯಾಂಟು ಕೊಳ್ಳಲು ಹೆದ್ದಾರಿ ಬದಿಯ ಹೊಸ ರೆಡಿಮೇಡ್ ಅಂಗಡಿಗೆ ಹೋದರೆ, ಗಲ್ಲಾದಲ್ಲಿ ಕೂತಿದ್ದವನು ಹಾಲೇಶ. ಅವನಿಗೆ ಅವಳ ಗುರುತೇ ಸಿಗಲಿಲ್ಲ.

"ಬಣ್ಣ ಹೋಗಲ್ವಾ?" ಎಂದು ಕೇಳಿದಳು.

"ಹೋಗೇ ಹೋಗ್ತೈತೆ ಅಕ್ಕಾ. ನೀಲಿ ನೂಲಿನ ಮೇಲಷ್ಟೇ ಕುಂತಿರ್ತೈತೆ, ಒಳಗೆ ಬಿಳೀನೇ. ಉಜ್ಜಿದ ಕಡೆ ಸವೀತೈತೆ, ತೊಳೆದಂಗೆಲ್ಲ ಇನ್ನಷ್ಟು ಬಿಡ್ತೈತೆ. ಆಮೇಲೆ ನಮ್ಮನ್ನ ಕೇಳಂಗಿಲ್ಲ."

ಪ್ಯಾಂಟು ಅಲ್ಲೇ ಬಿಟ್ಟು ಮನೆಗೆ ಬಂದು ಅಪ್ಪನಿಗೆ ಹೇಳಿದಳು. ಹಾಸಿಗೆ ಹಿಡಿದಿದ್ದ ಕರಿಯಣ್ಣ ಗೋಡೆಗೊರಗಿ ಎದ್ದು ಕುಳಿತ.

"ಅವನೇ ಅಂದ್ನಾ? ಇನ್ನೊಂದ್ಸಲ ಹೇಳು."

*

"ನಿಯತ್ತಿತ್ತು ಅಂತ ಹೆಣಕ್ಕೆ ಯಾಕೆ ಹೇಳ್ತೀರಿ? ಬೀದಿಗೆ ಹೇಳ್ರಿ," ಎಂದಳು ಯಮುನಾ. "ನಿಮ್ಮ ಮಗ ದಿನಾ ಗಿರಾಕಿಗಳಿಗೆ ಹೇಳೋದನ್ನೇ ಹೇಳ್ರಿ."

ಗಂಗಾಧರಪ್ಪ ಮಗನ ಕಡೆ ತಿರುಗಿದರು. ಬಾಗಿಲಲ್ಲಿದ್ದ ಹಾಲೇಶ ನೆಲ ನೋಡುತ್ತಿದ್ದ.

"ಆಗ ಗೊತ್ತಿರ್ಲಿಲ್ಲಮ್ಮ," ಎಂದರು ಗಂಗಾಧರಪ್ಪ.

"ಗೊತ್ತಾದ ಮೇಲೆ?"

ಗಂಗಾಧರಪ್ಪ ಹಾರವನ್ನು ಮುಖದತ್ತ ಎತ್ತಿ ಹಿಡಿದರು. ಬೊಂಬನ್ನು ಇನ್ನೊಂದು ಭುಜಕ್ಕೆ ಬದಲಿಸಿಕೊಂಡು ಓಬಯ್ಯ ಹೇಳಿದ: "ಹೇಳ್ರಿ ಯಜಮಾನ್ರೆ. ನಮಗೇನು ಭಾರ ಇಲ್ಲ, ಕಾಯ್ತೀವಿ."

"ಕರಿಯಣ್ಣ ಕೆಡಿಸ್ಲಿಲ್ಲ," ಗಂಗಾಧರಪ್ಪ ಹಾರದೊಳಗೇ ಗೊಣಗಿದರು.

"ಕೇಳಿಸ್ಲಿಲ್ಲ," ಎಂದಳು ಯಮುನಾ.

"ಕರಿಯಣ್ಣ ಕೆಡಿಸ್ಲಿಲ್ಲ! ಆ ಬಟ್ಟೆ ಗುಣಾನೇ ಹಂಗೆ!"

ಅಂದು ಸುಮ್ಮನೆ ನೋಡಿದ್ದ ಆಚೀಚೆ ಜಗಲಿಯವರು ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟು ಕೆಳಗಿಳಿದು, ಕಾದ ಟಾರಿನ ಮೇಲೆ ಬರಿಗಾಲಲ್ಲಿ ನಿಂತರು. ತಮಟೆಯವನು ಕೋಲೆತ್ತಿ ಯಮುನಾಳ ಮುಖ ನೋಡಿದ. ಅವಳ ಕಣ್ಣು ಆ ಬರಿಗಾಲಿನವರ ಮೇಲಿತ್ತು; ಅವಳಿನ್ನೂ ದಾರಿ ಬಿಟ್ಟಿರಲಿಲ್ಲ.