ವರಾಂಡದ ಗೊಂಬೆ

ಸೊಲ್ಲಾಪುರದ ದವಾಖಾನೆಯಲ್ಲಿ ನರ್ಸಿನ ಕೆಲಸ ಕಲಿಯುವ ಹುಡುಗಿಯರಿಗೆ ಮೊದಲ ಕೂಸು ಅರಿವೆಯದು. ಒಳಗೆ ಬೆಳಕು ಸಾಲದೆಂದು ಉಮಾಬಾಯಿ ವರಾಂಡದಲ್ಲೇ ಪಾಠ ಹೇಳುತ್ತಿದ್ದರು: ಗೊಂಬೆಯನ್ನು ಒರೆಸಬೇಕು, ಸುತ್ತಬೇಕು, ಬೆಚ್ಚಗಿರಲೆಂದು ತೊಟ್ಟಿಲ ಬದಿಗೆ ಇದ್ದಲಿ ಉರಿಯುವ ಶೇಗಡಿ ಇಡಬೇಕು, ಉಸಿರು ನಿಂತರೆ ಬಾಯಿಗೆ ಬಾಯಿಟ್ಟು ಊದಬೇಕು. ಕರಜಗಿಯ ದ್ರೌಪದಿ ಒಮ್ಮೆಯೂ ತಪ್ಪಲಿಲ್ಲ.

"ಗೊಂಬಿ ಅಳಂಗಿಲ್ಲಂತ ಶಾಣ್ಯಾಕಿ ಆಗೀ ನೋಡ, ಗೌಡ್ರ ಮಗಳ," ಎಂದು ಗೆಳತಿಯರು ಕಾಡುತ್ತಿದ್ದರು.

೧೯೩೪ರ ಥಂಡಿಯಲ್ಲಿ ಅವಳನ್ನು ಬಟ್ಟೆ ಗಿರಣಿಯೊಂದರಲ್ಲಿ ಕೆಲಸದ ಹೆಂಗಸರ ಕೂಸುಗಳನ್ನು ನೋಡಿಕೊಳ್ಳುವ ಖೋಲಿಗೆ ಕಳಿಸಿದರು. ಅಳದಿರಲೆಂದು ತಾಯಂದಿರು ಕೂಸುಗಳಿಗೆ ಅಫೀಮಿನ ಗುಳಿಗೆ ನೆಕ್ಕಿಸಿ ಅಲ್ಲಿ ಬಿಟ್ಟು ಹೋಗುತ್ತಿದ್ದರು. ಅದನ್ನು ನಿಲ್ಲಿಸಿಯೇ ತೀರಬೇಕೆಂದು ದ್ರೌಪದಿ ಹಟ ಹಿಡಿದಳು. ಮೂವರು ತಾಯಂದಿರಲ್ಲಿ ನೂಲು ಸುತ್ತುವ ಇಂದುಬಾಯಿ ಮಾತ್ರ ಜಗ್ಗಲಿಲ್ಲ.

"ಹಡದಾಕಿ ನಾನ ಅದೀನ್ರಿ, ಬಾಯಾರ. ಇದು ಅತ್ತರ ಮುಕಾದಮ ಬೈಯೂದು ನನಗ, ನಿಮಗಲ್ಲ."

"ಇದೊಂದ ದಿನ ಕೊಡಬ್ಯಾಡ. ಬೆಚ್ಚಗ ಇಟ್ರ ತಾನ ಮಲಗತೈತಿ. ನನ್ನ ಮ್ಯಾಲ ಬಿಡು."

ಇಂದುಬಾಯಿ ಗುಳಿಗೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋದಳು.

ಹತ್ತಿಯ ಎಳೆ ಹಾರಿ ಬರುತ್ತದೆಂದು ಆ ಖೋಲಿಯ ಕಿಟಕಿಗಳನ್ನು ತೆರೆಯುವ ರೂಢಿಯೇ ಇರಲಿಲ್ಲ. ಕೂಸಿಗೆ ಗಾಳಿ ಬಡಿಯಬಾರದೆಂದು ದ್ರೌಪದಿ ಬಾಗಿಲ ಸಂದಿಗೂ ಅರಿವೆ ತುರುಕಿದಳು. ಕಲಿತ ಹಾಗೆ ಶೇಗಡಿಯನ್ನು ತೊಟ್ಟಿಲ ಬದಿಗೆ ಸರಿಸಿದಳು. ಕೂಸು ತುಸು ಮುಲುಗಿ ಮಲಗಿತು. ಅವಳಿಗೆ ತಲೆ ಸಿಡಿಯುತ್ತಿತ್ತು. ಯಂತ್ರಗಳ ಸದ್ದಿಗೆ ಎಂದುಕೊಂಡಳು.

ಊಟದ ಭೋಂಗಾ ಕೂಗಿದಾಗ ಇಂದುಬಾಯಿ ಹಾಲೂಡಿಸಲು ಬಂದಳು.

"ನೋಡು, ಗುಳಿಗಿ ಇಲ್ಲದನ ಮಲಗ್ಯಾನ," ಎಂದಳು ದ್ರೌಪದಿ.

ಕೂಸನ್ನೆತ್ತಿದ ಇಂದುಬಾಯಿಯ ಮುಖ ಬದಲಾಯಿತು. "ಏನ ಕೊಟ್ಟೀರ್ರಿ ಇದಕ್ಕ? ಕುತ್ತಿಗಿ ನಿಲ್ಲವಲ್ದು."

ದ್ರೌಪದಿ ಕೂಸನ್ನು ಕಸಿದುಕೊಂಡು ಹೊರಗೋಡಿದಳು. ಬಾಯಿಗೆ ಬಾಯಿಟ್ಟು ಊದಿದಳು, ಮತ್ತೆ ಮತ್ತೆ ಊದಿದಳು. ಯಾರೋ ಹೊರತಂದ ಉಳಿದೆರಡು ಕೂಸುಗಳು ಗಾಳಿ ತಾಗಿದೊಡನೆ ಅತ್ತವು. ಇದು ಅಳಲಿಲ್ಲ.

ಸಂಜೆಗೆ ಉಮಾಬಾಯಿ ಬಂದರು. "ಕಲಿಸಿದ್ದರಾಗ ಏನ ಬಿಟ್ಟಿ?"

"ಏನೂ ಬಿಟ್ಟಿಲ್ರಿ." ದ್ರೌಪದಿ ಒಂದೊಂದಾಗಿ ಒಪ್ಪಿಸಿದಳು.

"ಶೇಗಡಿ?"

"ವರಾಂಡದಾಗ ಇಡತಿದ್ವಲ್ರಿ, ಹಂಗನ. ತೊಟ್ಟಿಲ ಬಾಜೂಕ."

ಉಮಾಬಾಯಿ ಮುಚ್ಚಿದ ಕಿಟಕಿಗಳನ್ನು ನೋಡಿದರು. ಹೊಸ್ತಿಲಲ್ಲಿ ಬಿದ್ದಿದ್ದ ಅರಿವೆಯನ್ನು ನೋಡಿದರು. "ವರಾಂಡದಾಗ ಇದ್ದಲಿ ವಿಷಗಾಳಿ ಹಾರಿ ಹೋಗತಿತ್ತು, ಇಲ್ಲಿ ಅದಕ್ಕ ದಾರಿನ ಇದ್ದಿಲ್ಲ," ಎಂದರು.

ಮರುದಿನ ಕಿಟಕಿಗಳೆಲ್ಲ ತೆರೆದಿದ್ದವು. ಉಳಿದ ತಾಯಂದಿರಿಬ್ಬರೂ ದ್ರೌಪದಿಯ ಎದುರಿಗೇ ಕೂಸುಗಳ ನಾಲಿಗೆಗೆ ಗುಳಿಗೆ ತಿಕ್ಕಿ ಕೆಲಸಕ್ಕೆ ಹೋದರು. ಅವಳು ಬೇಡವೆನ್ನಲಿಲ್ಲ.